ಗೊಟಗೋಡಿ ನಾಮಮೀಮಾಂಸೆ, ಅಥವಾ ಪಾಂಡವರು ತಂಗದ ಊರಿನ ಚರಿತ್ರೆ

ಊರೊಂದಕ್ಕೆ ಹೆಸರು ಬರಬೇಕಾದರೆ, ಶಾಸ್ತ್ರಪ್ರಕಾರ, ಹಸಿದ ರಾಜನೋ ವನವಾಸದ ರಾಮನೋ ಅಜ್ಞಾತವಾಸದ ಪಾಂಡವರೋ ಅಲ್ಲಿಗೆ ಬಂದು ಹೋಗಿರಲೇಬೇಕು. ರಾಜ ಬಂದರೆ ಅಜ್ಜಿಯೊಬ್ಬಳು ಏನಾದರೂ ಬೇಯಿಸಿ ಕೊಡುತ್ತಾಳೆ. ರಾಮ ಬಂದರೆ ಸೀತೆಗೆ ಬಾಯಾರಿಕೆಯಾಗುತ್ತದೆ, ಬಾಣ ನೆಟ್ಟಲ್ಲಿ ನೀರು ಚಿಮ್ಮುತ್ತದೆ. ಪಾಂಡವರು ಬಂದರೆ ಭೀಮ ಒಂದು ಬಂಡೆಯನ್ನಾದರೂ ಎತ್ತಿ ಒಗೆಯದೆ ಹೋಗುವುದಿಲ್ಲ. ಬೆಂಗಳೂರಿನ ಉದಾಹರಣೆ ಎಲ್ಲರಿಗೂ ಗೊತ್ತು. 12ನೆಯ ಶತಮಾನದ ವೀರಬಲ್ಲಾಳನಿಗೆ ಅಜ್ಜಿ ಬೆಂದಕಾಳು ಕೊಟ್ಟಳು, ಬೆಂದಕಾಳೂರು ಬೆಂಗಳೂರಾಯಿತು. ಬೇಗೂರಿನ ವೀರಗಲ್ಲೊಂದು ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲೇ ಬೆಂಗಳೂರು ಎಂದು ಬರೆದುಕೊಂಡು ನಿಂತಿದೆಯಲ್ಲ ಎಂದು ಕೆಲವರು ಆಕ್ಷೇಪ ಎತ್ತುತ್ತಾರೆ. ಕಲ್ಲು ಕೆತ್ತಿದವನು ಅವಸರ ಮಾಡಿದ್ದಕ್ಕೆ ಅಜ್ಜಿಯನ್ನು ದೂರುವುದು ತರವಲ್ಲ.

ಈ ಪೀಠಿಕೆಯೊಂದಿಗೆ ಗೊಟಗೋಡಿಗೆ ಬರೋಣ. ಹಾವೇರಿ ಜಿಲ್ಲೆಯ (1997ಕ್ಕೆ ಮುಂಚೆ ಧಾರವಾಡ ಜಿಲ್ಲೆಯ) ಶಿಗ್ಗಾಂವಿ ತಾಲ್ಲೂಕಿನಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ ಇರುವ ಊರಿದು. ಆ ಹೆದ್ದಾರಿಗೂ ಮೊದಲು 4 ಎಂಬ ನಂಬರಿತ್ತು, ಈಗ 48 ಆಗಿದೆ. ರಸ್ತೆಯ ಹೆಸರೇ ನಿಲ್ಲದ ಕಡೆ ಊರಿನ ಹೆಸರಿನ ಬುಡ ಹುಡುಕಲು ಹೊರಟ ನಮ್ಮ ಧೈರ್ಯವನ್ನು ವಾಚಕರು ಮೆಚ್ಚಬೇಕು.

ಗೊಟಗೋಡಿಯ ಮುಖ್ಯ ತೊಂದರೆಯೆಂದರೆ ಅದರ ನೆರೆಹೊರೆ. ಸುತ್ತಲೂ ಶ್ರೀಮಂತರು. ಹಾನಗಲ್ಲು ಶಾಸನಗಳಲ್ಲಿ ಪಾನುಂಗಲ್ಲು. ಅಷ್ಟು ಸಾಲದೆಂದು ವಿರಾಟನಗರಿ ಎಂಬ ಬಿರುದು ಬೇರೆ. ಪಾಂಡವರು ವೇಷ ಮರೆಸಿಕೊಂಡು ಇದ್ದದ್ದು ಅಲ್ಲಿಯೇ ಎಂಬುದಕ್ಕೆ ಕುಂತಿನ ದಿಬ್ಬ ಎಂಬ ಮಣ್ಣಗುಡ್ಡೆಯ ಸಾಕ್ಷಿ ಇದೆ. ಪಾಂಡವರು ಗುರುತು ಸಿಗದಂತೆ ಇದ್ದರು ಎನ್ನುತ್ತೇವೆ, ಇದ್ದ ಜಾಗ ಮಾತ್ರ ಊರಿಗೆಲ್ಲ ಗೊತ್ತು. ಬಂಕಾಪುರಕ್ಕೆ ರಾಷ್ಟ್ರಕೂಟರ ಬಂಕೆಯನ ಹೆಸರು. ಅವನ ಮಗ ಲೋಕಾದಿತ್ಯನ ಕಾಲಕ್ಕೆ, 898ರಲ್ಲಿ, ಗುಣಭದ್ರರ ಉತ್ತರಪುರಾಣಕ್ಕೆ ಅಲ್ಲಿ ಪೂಜೆಯೂ ಆಯಿತು. ಶಿಶುನಾಳಕ್ಕೆ ಷರೀಫಜ್ಜ (1819-1889) ಇದ್ದಾನೆ. ಸವಣೂರಿಗೆ ನವಾಬರಿದ್ದರು, ನವಾಬರು ಹೋದರೂ ಅವರಿಗಿಂತ ಹಿರಿಯ ದೊಡ್ಡಹುಣಸೆ ಮರಗಳು ಉಳಿದಿವೆ. ಇನ್ನು ಕನಕದಾಸರ ಹುಟ್ಟೂರು ಬಾಡ. ಹಳೆಯ ಶಾಸನಗಳಲ್ಲಿ ಬಾಡ ಎಂದರೆ ಹಳ್ಳಿ ಎಂದೇ ಅರ್ಥ. ಹೆಸರಿಡಲು ಕೂತವರು ‘ಊರು’ ಎಂದು ಬರೆದು ಎದ್ದುಹೋಗಿದ್ದಾರೆ. ಇಂಥ ಊರುಗಳಿಂದ ನಾಮಶಾಸ್ತ್ರಜ್ಞರ ಹೊಟ್ಟೆಪಾಡು ನಡೆಯುವುದಿಲ್ಲ. ಗೊಟಗೋಡಿ ಹಾಗಲ್ಲ. ಅದರಲ್ಲಿ ನಾಲ್ಕು ಅಕ್ಷರವೂ ನಾಲ್ಕು ಪಂಥಕ್ಕೆ ಸಾಕಾಗುವಷ್ಟು ಕತ್ತಲೆಯೂ ಇದೆ.

ಊರ ಹೆಸರುಗಳಿಗೆ ಕಿವಿಗೊಟ್ಟರೆ ಚರಿತ್ರೆ ಮಾತಾಡುತ್ತದೆ ಎಂದು ಕಲಿಸಿದವರು ಶಂ.ಬಾ. ಜೋಶಿಯವರು, ‘ಎಡೆಗಳು ಹೇಳುವ ಕಂನಾಡ ಕಥೆ’ ಎಂಬ ಪುಸ್ತಕವನ್ನೇ ಬರೆದರು. ನಾವೂ ಕಿವಿಗೊಟ್ಟೆವು.

ಮೊದಲನೆಯದು ಕೋಡಿ ಪಂಥ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವಂತೆ, ಕೇಶಿರಾಜನ ವ್ಯಾಕರಣಕ್ಕೆ ಒಂದಿಷ್ಟೂ ನೋವಾಗದಂತೆ, ‘ಕೋಡಿ’ಯ ಕಕಾರ ಗಕಾರವಾಗುತ್ತದೆ. ಕೆರೆಯಿಲ್ಲದ ಊರನ್ನು ಈ ಸೀಮೆಯಲ್ಲಿ ಹುಡುಕುವುದೇ ಕಷ್ಟ. ಕೆರೆ ಇದ್ದಲ್ಲಿ ಕೋಡಿ. ಈ ವಾದದ ದೋಷವೇನೆಂದರೆ ಇದು ನಿಜವಿರಬಹುದು ಅನ್ನಿಸುತ್ತದೆ. ಹಾಗಾಗಿ ಪ್ರಬಂಧ ಮುಂದೆ ಸಾಗುವುದಿಲ್ಲ.

ಎರಡನೆಯದು ಗ್ವಾಡಿ ಪಂಥ. ಇಲ್ಲಿನ ಬಾಯಿಮಾತಿನಲ್ಲಿ ಗೋಡೆ ಎಂದರೆ ಗ್ವಾಡಿ. ಪ್ರಾಚೀನ ಕಾಲದಲ್ಲಿ ಒಬ್ಬ ಸೇನಾಪತಿ ದಣಿದು ಬಂದು ಇಲ್ಲಿನ ಗ್ವಾಡಿಗೆ ಒರಗಿದ, ಅಲ್ಲೇ ಗೊಟಕ್ ಅಂದ. ಗೊಟಕ್ ಮತ್ತು ಗ್ವಾಡಿ ಸೇರಿ ಗೊಟಗೋಡಿ. ಈ ಸೇನಾಪತಿಯ ಹೆಸರು, ವಂಶ, ಕಾಲ, ಕುದುರೆಯ ಬಣ್ಣ ಯಾವುದೂ ತಿಳಿದಿಲ್ಲವಾದ್ದರಿಂದ ಅವನು ಇರಲಿಲ್ಲ ಎಂದು ಸಾಧಿಸಲು ಯಾರಿಂದಲೂ ಆಗದು. ವಿದ್ವತ್ತಿನ ಲೋಕದಲ್ಲಿ ಇದಕ್ಕಿಂತ ಗಟ್ಟಿ ಬುನಾದಿ ಬೇಕಿಲ್ಲ.

ಮೂರನೆಯದು ಗೊಟ್ಟ ಪಂಥ. ಪೇಟೆಯ ಮಕ್ಕಳಿಗಾಗಿ ಇಲ್ಲಿ ವಿವರಣೆ ಅಗತ್ಯ. ಎತ್ತಿಗೆ ಜಡ್ಡಾದರೆ ಒಬ್ಬ ಮೂಗುದಾರ ಹಿಡಿದು ಅದರ ಮೋರೆಯನ್ನು ಮೇಲಕ್ಕೆತ್ತುತ್ತಾನೆ. ಇನ್ನೊಬ್ಬ ತುದಿಯನ್ನು ಓರೆಯಾಗಿ ಕತ್ತರಿಸಿದ ಬಿದಿರಿನ ನಳಿಗೆಯಲ್ಲಿ ಕಷಾಯ ತುಂಬಿ ಕಟಬಾಯಿಯಿಂದ ಒಳಗೆ ತೂರಿಸಿ ಗಟಗಟ ಸುರಿಯುತ್ತಾನೆ. ಅರ್ಧ ಎತ್ತಿನ ಹೊಟ್ಟೆಗೆ, ಅರ್ಧ ಸುರಿದವನ ಅಂಗಿಗೆ. ಆ ನಳಿಗೆಯೇ ಗೊಟ್ಟ. ಕೆಲಸ ಮುಗಿದ ಮೇಲೆ ಅದನ್ನು ಕೊಟ್ಟಿಗೆಯ ಗ್ವಾಡಿಗೆ ಸಿಕ್ಕಿಸಿಡುವುದು. ಗೊಟ್ಟ, ಗ್ವಾಡಿ, ಗೊಟಗೋಡಿ! ಧ್ವನಿಗೂ ಒಗ್ಗುತ್ತದೆ, ದಿನದ ಬದುಕಿಗೂ ಒಗ್ಗುತ್ತದೆ. ಆದರೆ ಇದರಲ್ಲಿ ರಾಜನಿಲ್ಲ, ಯುದ್ಧವಿಲ್ಲ, ದಾನಪತ್ರವಿಲ್ಲ, ಬರೀ ಒಂದು ಜಡ್ಡಿನ ಎತ್ತು. ಆದ್ದರಿಂದ ಈ ವಾದವನ್ನು ವಿಷಾದಪೂರ್ವಕ ಕೈಬಿಟ್ಟಿದ್ದೇವೆ.

ನಾಲ್ಕನೆಯದು ನಮ್ಮ ಸ್ವಂತ ಕೊಡುಗೆ, ಅಡ್ಡಹೆಸರಿನ ಸಿದ್ಧಾಂತ. ಈ ಕಡೆ ಊರಿನ ಹೆಸರೇ ಮನೆತನದ ಹೆಸರು. ಆದರೆ ಊರಲ್ಲೇ ಇದ್ದವನನ್ನು ಯಾರೂ ಊರ ಹೆಸರಿನಿಂದ ಕರೆಯುವುದಿಲ್ಲ, ಬಿಟ್ಟುಹೋದವನಿಗೆ ಅದು ಅಂಟಿಕೊಳ್ಳುತ್ತದೆ. ಸಾಕ್ಷಿ ಬೇಕೆ? ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು ಧಾರವಾಡದಲ್ಲಿ. ಅಂದಮೇಲೆ ಹೆಸರಿದ್ದಲ್ಲಿ ಆಸಾಮಿ ಇರುವುದಿಲ್ಲ ಎಂಬುದು ನಿಯಮ. ಮಲ್ಲಿಕಾರ್ಜುನ ಮನಸೂರರು ಮನಸೂರಿನಲ್ಲೇ ಹುಟ್ಟಿ ನಿಯಮ ಮುರಿದಿದ್ದಾರೆ. ಅಷ್ಟು ದೊಡ್ಡ ಗವಾಯಿಗಳಿಗೆ ಅಷ್ಟು ಸ್ವಾತಂತ್ರ್ಯ ಕೊಡಬಹುದು. ಈ ನಿಯಮದ ಪ್ರಕಾರ ಗೊಟಗೋಡಿ ಎಂಬ ಹೆಸರು ಹುಟ್ಟಿದ ಊರು ಗೊಟಗೋಡಿಯಲ್ಲ. ಮುಂದಿನ ಸಂಶೋಧನೆಗೆ ದಾರಿ ತೆರೆದಿದೆ.

ಕ್ಷೇತ್ರಕಾರ್ಯ ಮಾಡದೆ ಬರೆದರೆಂಬ ಅಪವಾದ ಬೇಡವೆಂದು ಹೆದ್ದಾರಿ ಬದಿಯ ಚಾದಂಗಡಿಯಲ್ಲಿ ಒಬ್ಬ ಹಿರಿಯ ವಕ್ತೃವನ್ನು ಸಂದರ್ಶಿಸಲಾಯಿತು.

“ಅಜ್ಜಾರ, ಈ ಊರಿಗೆ ಹೆಸರು ಹೆಂಗ ಬಂತ್ರಿ?”

“ನಮ್ಮಪ್ಪ ಹಂಗ ಅಂತಿದ್ದ, ನಾನೂ ಹಂಗ ಅಂತೀನಿ.”

“ಅದರ ಹಿಂದ ಏನರ ಕಥಿ ಇರಬೇಕಲ್ರಿ?”

“ಇರ್ತದ ಬಿಡ್ರಿ, ನೀವ ಬರೀತೀರಲ್ಲ. ಚಾ ಆರಾಕತ್ತೈತಿ, ಮೊದ್ಲ ಕುಡೀರಿ.”

ಈ ಹೇಳಿಕೆಯನ್ನು ಮೌಖಿಕ ಪರಂಪರೆಯ ಮೌನ ಎಂದು ದಾಖಲಿಸಿಕೊಂಡಿದ್ದೇವೆ.

ಹೆಸರಿನ ಮಾತು ಇಷ್ಟಾದರೆ, ಮರೆತುಹೋದ ಗತಕಾಲದ ವಿಷಯದಲ್ಲಿ ಗೊಟಗೋಡಿ ಯಾವ ಊರೂ ಮಾಡದ ಕೆಲಸ ಮಾಡಿದೆ. ನೆಲ ಅಗೆದು ಹಳತನ್ನು ಹುಡುಕುವ ಬದಲು ಸಿಮೆಂಟಿನಲ್ಲಿ ಹೊಸದಾಗಿ ಎರಕ ಹೊಯ್ದುಕೊಂಡಿದೆ. ಬಣ್ಣದ ಕಲೆಯನ್ನೂ ದೊಡ್ಡಾಟವನ್ನೂ ಜೀವಮಾನವಿಡೀ ಕಟ್ಟಿಕೊಂಡಿದ್ದ, 2020ರಲ್ಲಿ ತೀರಿಕೊಂಡ ಟಿ.ಬಿ. ಸೊಲಬಕ್ಕನವರರು ಇಲ್ಲಿ ಉತ್ಸವ ರಾಕ್ ಗಾರ್ಡನ್ ಮಾಡಿದರು. ದುಡಿಯುವ ರೈತ, ಮನೆಗೆಲಸದ ಹೆಂಗಸರು, ದನಕರು, ಊರ ಕಸುಬಿನವರು, ಎಲ್ಲರೂ ಆಳೆತ್ತರಕ್ಕೆ, ಬಣ್ಣಬಣ್ಣಕ್ಕೆ. ನಾವು ಮೂರನೆಯ ಪಂಥದಲ್ಲಿ ಕೈಬಿಟ್ಟ ಎತ್ತು ಅಲ್ಲಿ ಮರ್ಯಾದೆಯಿಂದ ನಿಂತಿದೆ, ನೋಡಲು ಟಿಕೆಟ್ಟು ಬೇರೆ. ಬೇಲಿಯಾಚೆಯ ಹೊಲದಲ್ಲಿ ಪುಕ್ಕಟೆ ನೋಡಲು ಸಿಗುವ ಎತ್ತುಗಳು ವರ್ಷದಿಂದ ವರ್ಷಕ್ಕೆ ಟ್ರ್ಯಾಕ್ಟರಿಗೆ ಜಾಗ ಬಿಟ್ಟುಕೊಡುತ್ತಿವೆ. ಸಾವಿರ ವರ್ಷದ ಮೇಲೆ ಉತ್ಖನನಕ್ಕೆ ಬಂದ ಪಂಡಿತನೊಬ್ಬ ಹೀಗೆ ಬರೆಯುವುದು ಖಂಡಿತ: “ಇಲ್ಲಿನ ಜನ ಸಿಮೆಂಟಿನ ಎತ್ತುಗಳನ್ನು ಪೂಜಿಸುತ್ತಿದ್ದರು. ರಾಜನ ಪ್ರತಿಮೆ ಇಲ್ಲ. ಬಾಗಿಲ ಬಳಿ ನಾನಾ ವೇಷದಲ್ಲಿ ಕಾಣುವ ಒಬ್ಬನೇ ಪುರುಷ ಇವರ ಕುಲದೈವವಾಗಿರಬೇಕು.” ಆ ಪುರುಷ ಡಾ. ರಾಜ್‌ಕುಮಾರ್. ಪಂಡಿತ ಪೂರ್ತಿ ತಪ್ಪಿದ ಎನ್ನಲೂ ಬಾರದು.

2011ರಲ್ಲಿ ಸರ್ಕಾರವು ಕರ್ನಾಟಕ ಜಾನಪದ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ್ದೂ ಈ ಊರಿನಲ್ಲೇ. ಅಜ್ಜಿ, ಕಾಳು, ಬಾಣದ ನೀರು, ಭೀಮನ ಬಂಡೆ, ಇವುಗಳನ್ನೆಲ್ಲ ವಿಧಿವತ್ತಾಗಿ ಓದುವ ಸಂಸ್ಥೆಗೆ, ಈ ನಾಲ್ಕರಲ್ಲಿ ಒಂದೂ ಇಲ್ಲದ ಊರೇ ವಿಳಾಸವಾಯಿತು.

ಆದ್ದರಿಂದ ಹಾನಗಲ್ಲಿನ ಮಹಾಜನರಲ್ಲಿ ನಮ್ಮದೊಂದು ವಿನಂತಿ. ತಮ್ಮಲ್ಲಿ ಐವರಿದ್ದಾರೆ, ಅವರೆಲ್ಲ ಇಡೀ ವರ್ಷ ತಮ್ಮಲ್ಲೇ ಇದ್ದರು. ಭೀಮಾರ್ಜುನರನ್ನು ಕೇಳುವಷ್ಟು ದುರಾಸೆ ನಮಗಿಲ್ಲ. ವಿರಾಟನ ದನ ಕಾಯುತ್ತಿದ್ದ ಸಹದೇವನನ್ನು ಒಂದು ರಾತ್ರಿಯ ಮಟ್ಟಿಗೆ, ಕೈಯಲ್ಲಿ ಒಂದು ಗೊಟ್ಟ ಕೊಟ್ಟು, ಗೊಟಗೋಡಿಗೆ ಕಳಿಸಿಕೊಡಬೇಕು. ಉಳಿದ ಕಥೆ ನಾವು ನೋಡಿಕೊಳ್ಳುತ್ತೇವೆ.