ಆನೆಗೊಂದು ಪ್ಲಗ್ಗು

ಎಲೆಕ್ಟ್ರಿಕ್ ಗೂಡ್ಸ್ ಗಾಡಿ ಲಾಭವೋ ನಷ್ಟವೋ ಎಂದು ಲೆಕ್ಕ ಹಾಕುವವರಲ್ಲಿ ಗಾಡಿ ಓಡಿಸದವರೇ ಹೆಚ್ಚು. ನಾನೂ ಅದೇ ಪಂಗಡ. ನಮ್ಮ ಬೀದಿಯ ಡ್ರೈವರ್ ಒಂದು ಭಾನುವಾರ ತನ್ನ ಹಳೇ ಡೀಸೆಲ್ ಛೋಟಾ ಹಾಥಿಯ ಸೀಟು ಎತ್ತಿ ಇಂಜಿನ್ ಒಳಗೆ ಇಣುಕುತ್ತಿದ್ದಾಗ, ಕಾಗದ ಪೆನ್ನು ಹಿಡಿದು ಅವನ ಉದ್ಧಾರಕ್ಕೆ ನಿಂತೆ.

ಲೆಕ್ಕವೇನೋ ಸೊಗಸಾಗಿತ್ತು. ಅವನ ಛೋಟಾ ಹಾಥಿ, ಅಂದರೆ 2005ರಲ್ಲಿ ರಸ್ತೆಗಿಳಿದ ಟಾಟಾ ಏಸ್‌ನ ವಂಶದ ಕುಡಿ, ಏಸ್ ಪ್ರೊ. 2025ರ ಜೂನ್‌ನಲ್ಲಿ ಅದು ಬಂದಾಗ ಪೆಟ್ರೋಲಿನದಕ್ಕೆ ಶೋರೂಂ ಬೆಲೆ 3.99 ಲಕ್ಷ, ಕರೆಂಟಿನದಕ್ಕೆ 6.50 ಲಕ್ಷ. ಎರಡೂವರೆ ಲಕ್ಷ ಹೆಚ್ಚು, ನಿಜ. ಆದರೆ ಬ್ಯಾಟರಿ ಹಿಡಿಯುವುದು 14.4 ಯೂನಿಟ್. ಮನೆಯ ದರದಲ್ಲಿ ತುಂಬಿಸಿದರೆ ನೂರು ರೂಪಾಯಿಯ ಆಸುಪಾಸು. ಒಂದು ಚಾರ್ಜಿಗೆ 155 ಕಿ.ಮೀ. ಅನ್ನುತ್ತದೆ ಕಂಪನಿ. ಲೋಡು, ಫ್ಲೈಓವರು, ಉತ್ಪ್ರೇಕ್ಷೆ ಎಲ್ಲ ಕಳೆದು ನೂರೇ ಅನ್ನಿ, ಕಿಲೋಮೀಟರಿಗೆ ಒಂದು ರೂಪಾಯಿ ಬಿತ್ತು. ಪೆಟ್ರೋಲಿನದಕ್ಕೆ ನಾಲ್ಕೂವರೆಯಾದರೂ ಬೇಕು. ದಿನಕ್ಕೆ ಎಂಬತ್ತು ಕಿಲೋಮೀಟರ್ ಬಾಡಿಗೆ ಸಿಕ್ಕರೆ ಮೂರು ವರ್ಷಕ್ಕೆ ಎರಡೂವರೆ ಲಕ್ಷ ವಸೂಲಿ.

"750 ಕೆಜಿ ಹೊರುತ್ತಂತೆ ಕಣಯ್ಯಾ" ಎಂದೆ.

"ಏನನ್ನ ಸಾರ್, ಡ್ರೈವರನ್ನಾ?"

ಯಶವಂತಪುರ ಎಪಿಎಂಸಿಯಲ್ಲಿ ಈರುಳ್ಳಿ ಮೂಟೆ ಹಾಕಿಸುವವರು ಆರ್‌ಸಿ ಪುಸ್ತಕ ಓದಿ ನಿಲ್ಲಿಸುವುದಿಲ್ಲ, ಟೈರು ನೋಡಿ ನಿಲ್ಲಿಸುತ್ತಾರೆ. ಇದು ನನ್ನ ಕಾಗದದಲ್ಲಿ ಇರಲಿಲ್ಲ. ಕರೆಂಟ್ ಗಾಡಿ ಬ್ರೇಕ್ ಹಿಡಿದಾಗೆಲ್ಲ ಸ್ವಲ್ಪ ಚಾರ್ಜನ್ನು ವಾಪಸ್ ಪಡೆಯುತ್ತದೆ ಎಂದು ಮಾತು ಹೊರಳಿಸಿದೆ. ಬೆಂಗಳೂರಿನಲ್ಲಿ ಗಾಡಿ ಓಡಿಸುವುದೆಂದರೆ ಮುಕ್ಕಾಲು ಪಾಲು ಬ್ರೇಕ್ ಹಿಡಿಯುವುದೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಜಾಮಿಗೆ ನಾವು ಕೃತಜ್ಞರಾಗಿರಬೇಕಾದ ಏಕೈಕ ಕಾರಣ ಇದಿರಬಹುದು. ಅವನಿಗೂ ಅದು ಹಿಡಿಸಿತು. ಗೇರ್ ಇಲ್ಲ, ಕ್ಲಚ್ ಇಲ್ಲ ಅಂದಾಗ ತನ್ನ ಎಡಗಾಲನ್ನು ಒಮ್ಮೆ ಪ್ರೀತಿಯಿಂದ ನೋಡಿಕೊಂಡ. ಆಮೇಲೆ ತಲೆ ಎತ್ತಿ ತನ್ನ ಮನೆ ತೋರಿಸಿದ. ಮೂರನೇ ಮಹಡಿ. ಗಾಡಿ ನಿಲ್ಲುವುದು ಕೆಳಗೆ, ಮೋರಿ ಪಕ್ಕ.

"ವೈರು ಎಲ್ಲಿಂದ ಇಳಿಸ್ಲಿ ಸಾರ್?"

ಅಮೆರಿಕದಲ್ಲಿ ಈ ಪ್ರಶ್ನೆಯೇ ತಿರುಗುಮುರುಗು. 2021ರಲ್ಲಿ ಫೋರ್ಡ್ ಕಂಪನಿ ಎಫ್-150 ಲೈಟ್ನಿಂಗ್ ಎಂಬ ಪಿಕಪ್ಪನ್ನು ಸುಮಾರು 40 ಸಾವಿರ ಡಾಲರಿನಿಂದ ಶುರು ಎಂದು ಘೋಷಿಸಿದಾಗ ಅದರ ದೊಡ್ಡ ಹೆಗ್ಗಳಿಕೆ ಏನು ಗೊತ್ತೇ? ಕರೆಂಟು ಹೋದರೆ ಟ್ರಕ್ಕೇ ಮನೆಗೆ ಕರೆಂಟು ಕೊಡುತ್ತದೆ, ಮೂರು ದಿನದವರೆಗೆ! ಆಮೇಲೆ ಬೆಲೆ ಏರಿತು, ಹಿಂದೆ ಭಾರದ ಟ್ರೇಲರ್ ಕಟ್ಟಿದರೆ ಓಡುವ ದೂರ ಅರ್ಧಕ್ಕಿಳಿಯಿತು, 2025ರ ಡಿಸೆಂಬರಿನಲ್ಲಿ ಕಂಪನಿ ಅದರ ತಯಾರಿಕೆಗೇ ಮಂಗಳ ಹಾಡಿತು. ಅಲ್ಲಿ ಟ್ರಕ್ಕು ಮನೆಯನ್ನು ಸಾಕಲು ಹೊರಟಿತ್ತು. ಇಲ್ಲಿ ಟ್ರಕ್ಕನ್ನು ಸಾಕಲು ಮನೆ ಒಪ್ಪಬೇಕು, ಮನೆ ಒಪ್ಪಲು ಓನರ್ ಆಂಟಿ ಒಪ್ಪಬೇಕು.

ಆಂಟಿ ಕೆಳಗಿನ ಮನೆಯಲ್ಲೇ ಇದ್ದಾರೆ. 2023ರಲ್ಲಿ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಬಂದಾಗಿನಿಂದ ಅವರ ಬಿಲ್ಲು ಸೊನ್ನೆ. ಆ ಸೊನ್ನೆಯನ್ನು ಅವರು ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ತೋರಿಸುತ್ತಾರೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕೆಂಬುದು ಅವರಿಗೆ ಬಾಯಿಪಾಠ. ರಾತ್ರಿಗೆ ಹದಿನಾಲ್ಕು ಯೂನಿಟ್ ಕುಡಿಯುವ ಪ್ರಾಣಿ ತಿಂಗಳಿಗೆ ಎಷ್ಟು ಕುಡಿಯುತ್ತದೆಂದು ಕೇಳಿದರು. ನಾನು ಹೇಳಿದೆ. ಆಂಟಿ ತುಳಸಿಕಟ್ಟೆಯ ಕಡೆ ತಿರುಗಿ ಕೈಮುಗಿದರು.

ಗಾಡಿಗೆಂದೇ ಬೇರೆ ಮೀಟರ್ ಹಾಕಿಸಬಹುದು, ನಿಮ್ಮ ಸೊನ್ನೆಗೆ ಕೂದಲೂ ಕೊಂಕುವುದಿಲ್ಲ, ನೀವು ಒಂದು ಒಪ್ಪಿಗೆ ಪತ್ರ ಕೊಟ್ಟರೆ ಸಾಕು ಎಂದೆ. ಆಂಟಿ ಯೋಚಿಸಿದಷ್ಟು ಬ್ಯಾಂಕಿನವರೂ ಸಾಲದ ಅರ್ಜಿ ನೋಡುವಾಗ ಯೋಚಿಸಲಾರರು. ಕೊನೆಗೆ ಆಂಟಿ ಷರತ್ತಿನ ಮೇಲೆ ಒಪ್ಪಿದರು: ವರ್ಷಕ್ಕೊಮ್ಮೆ ಕುಣಿಗಲ್ ಹತ್ತಿರದ ತಮ್ಮ ಊರಿನಿಂದ ರಾಗಿ ಮೂಟೆ ತರಬೇಕು, ಬಾಡಿಗೆ ಕೇಳಬಾರದು.

ಡ್ರೈವರ್ ಬೆರಳು ಮಡಚಿ ಎಣಿಸತೊಡಗಿದ. ಹೋಗೋದು ಎಪ್ಪತ್ತು, ಬರೋದು ಎಪ್ಪತ್ತು, ಬರುವಾಗ ಲೋಡು.

"ಆಗ್ಲಿ ಆಂಟಿ. ಊರಿನ ಮನೇಲಿ ಮೀಟರ್ ಯಾರ ಹೆಸರಲ್ಲಿದೆ?"