ಹೊನ್ನಾಳಿಲಿ ಮಾಡ್ತಾರೆ ನೋಡಿ!

ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಮಧ್ಯಾಹ್ನ ಒಂದೂವರೆಯ ಮೇಲೆ ಮೂಲೆ ಟೇಬಲ್ಲು ಖೇಣಿ ಸಾವ್ಕಾರ್ರದು. ಯಾರೂ ಬೋರ್ಡು ಹಾಕಿಲ್ಲ. ಆದರೆ ಅಲ್ಲಿ ಕೂತವರು ಅವರ ಎದುರಿಗೇ ಉಣ್ಣಬೇಕು. ಅದಕ್ಕೆ ಬೇರೆ ಥರದ ಜೀರ್ಣಶಕ್ತಿ ಬೇಕು. ನನಗದು ಅಭ್ಯಾಸವಾಗಿದೆ.

ತಟ್ಟೆ ಬಂದರೆ ಸಾವ್ಕಾರ್ರು ಸೀದಾ ಕೈ ಹಾಕುವವರಲ್ಲ. ಜೋಳದ ರೊಟ್ಟಿಯ ಅಂಚೆತ್ತಿ ಅಡಿ ನೋಡುತ್ತಾರೆ. ಶೇಂಗಾ ಚಟ್ನಿಪುಡಿಯನ್ನು ಎರಡು ಬೆರಳಲ್ಲಿ ಉಜ್ಜಿ ಎಣ್ಣೆ ಬಿಡುತ್ತದೋ ಇಲ್ಲವೋ ಪರೀಕ್ಷೆ ಮಾಡುತ್ತಾರೆ. ಕೊನೆಗೆ ಎಣ್ಣೆಗಾಯಿಯ ಸರದಿ. ನಾಲ್ಕು ಸೀಳಿನ ಬದನೆಕಾಯಿಯನ್ನು ತೊಟ್ಟು ಹಿಡಿದೆತ್ತಿ, ಮಸಾಲೆ ತೊಟ್ಟಿನ ಬುಡದ ತನಕ ಇಳಿದಿದೆಯೋ ಎಂದು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಒಂದು ತುತ್ತು ಬಾಯಿಗೆ ಹೋಗುತ್ತದೆ. ಕಣ್ಣು ಮುಚ್ಚುತ್ತಾರೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕನ ಕೈಯೂ ಅರೆಗಳಿಗೆ ನಿಲ್ಲುತ್ತದೆ.

"ಚೆನ್ನಾಗೇ ಐತಮ್ಮ. ಆದ್ರೆ ಹೊನ್ನಾಳಿಲಿ ಮಾಡ್ತಾರೆ ನೋಡು ಎಣ್ಣೆಗಾಯಿ! ತುಂಗಭದ್ರೆ ನೀರಿನ ಗುಣ."

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಗುತ್ತದೆ, ಸ್ವಲ್ಪ ಜೋರಾಗಿ.

ಇಷ್ಟು ಹೇಳಿದವರು ತಟ್ಟೆ ಬಿಟ್ಟು ಏಳುತ್ತಾರೆ ಅಂದುಕೊಳ್ಳಬೇಡಿ. ಪಲ್ಯ ಎರಡು ಸಲ, ಕಾಳು ಎರಡು ಸಲ, ಸಾರು ಕೇಳಿದಷ್ಟು. ಬಡಿಸುವ ಹುಡುಗ ಬಕೆಟ್ಟು ಹಿಡಿದು ಅವರ ಪಕ್ಕದಲ್ಲೇ ನಿಂತಿರುತ್ತಾನೆ, ಓಡಾಟ ಉಳಿಯಲಿ ಅಂತ.

ಒಮ್ಮೆ ಅವರ ಜೊತೆ ಹೊನ್ನಾಳಿಗೇ ಹೋಗಿದ್ದೆ. ಆ ಪ್ರಸಿದ್ಧ ಎಣ್ಣೆಗಾಯಿ ಬಂತು. ತೊಟ್ಟು ಹಿಡಿದರು, ತಿರುಗಿಸಿದರು, ಕಣ್ಣು ಮುಚ್ಚಿದರು. "ಪರವಾಗಿಲ್ಲ. ನ್ಯಾಮತಿಲಿ ತಿನ್ಬೇಕು ನೀವು." ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಅಲ್ಲಿನ ಬದನೆಕಾಯಿಗೂ ಬಡ್ತಿ ಸಿಕ್ಕಿರಬೇಕು ಅಂದುಕೊಂಡೆ. ನ್ಯಾಮತಿಗೆ ಹೋದಾಗ ಗೊತ್ತಾಯಿತು, ನಿಜವಾದ ಊಟ ಇರುವುದು ಜಗಳೂರಿನಲ್ಲಿ. ಅದು ಅವರ ಬೀಗರ ಊರು. "ಮಳೆ ಕಾಣದ ನೆಲ ಕಣ್ರೀ. ಶೇಂಗಾದಾಗೆ ಎಣ್ಣೆ ಹೆಂಗಿರ್ತತಿ ಅಂತೀರಿ!"

ಈ ನಾಲ್ಕೂ ಊರುಗಳನ್ನು ಒಂದೇ ಜಿಲ್ಲೆಯ ತಟ್ಟೆಗೆ ಬಡಿಸಿದವರು ಸರ್ಕಾರದವರು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ನಾವೂ ಹೊನ್ನಾಳಿಯವರೂ ಶಿವಮೊಗ್ಗದ ಕಡೆ, ಜಗಳೂರಿನವರು ಚಿತ್ರದುರ್ಗದ ಕಡೆ. ನಾಲ್ಕು ಕಡೆಯ ಚಟ್ನಿಯನ್ನೂ ಒಂದೇ ನಾಲಿಗೆಯಲ್ಲಿ ತೂಗುವವರು ಬೇಕಲ್ಲ, ಅದಕ್ಕೇ ಇವರು ಹುಟ್ಟಿರಬೇಕು.

ಬಹಳ ದಿನ ಇದನ್ನು ಬರೀ ನಾಲಿಗೆಯ ಚಪಲ ಅಂದುಕೊಂಡಿದ್ದೆ. ಒಂದು ದಿನ ಅವರು ಅಡಿಕೆ ತೋಟಕ್ಕೆ ಖೇಣಿ ಮಾತಾಡುವುದನ್ನು ನೋಡಿದೆ. ಮರದ ಮೇಲಿರುವ ಫಸಲಿಗೇ ಬೆಲೆ ಕಟ್ಟುವ ವ್ಯಾಪಾರ ಅದು. ಗೊನೆಗಳು ಬಗ್ಗಿ ಕೂತಿದ್ದವು. ಸಾವ್ಕಾರ್ರು ಕತ್ತೆತ್ತಿ ನೋಡಿ, ನಾಲಿಗೆ ಲೊಚಗುಟ್ಟಿ, "ಹರಳು ಬಾಳ ಉದುರೈತಲ್ಲಪ್ಪ. ಪಕ್ಕದ ಊರಾಗೆ ನೋಡ್ಬೇಕು ಗೊನೆ..." ಅಂದರು. ಅದೇ ರಾಗ, ಅದೇ ಕಣ್ಣು ಮುಚ್ಚುವುದು. ಎದುರಿಗಿರುವ ಮಾಲನ್ನು ಹೊಗಳಿದರೆ ರೇಟು ಏರುತ್ತದೆ. ಮೂವತ್ತು ವರ್ಷದ ಕಸುಬು. ತೋಟದ ಗೇಟಿನಲ್ಲಿ ಚಪ್ಪಲಿಯಂತೆ ಬಿಟ್ಟು ಬರಲು ಆಗುತ್ತದೆಯೇ?

ಹೋದ ತಿಂಗಳು ಮದುವೆಗೆಂದು ಜಗಳೂರಿಗೆ ಒಬ್ಬನೇ ಹೋಗಿದ್ದೆ. ಅವರು ಹೇಳುತ್ತಿದ್ದ ಖಾನಾವಳಿ ಹುಡುಕಿ ಕೂತೆ. ಚನ್ನಗಿರಿಯಿಂದ ಬಂದವನು ಅಂದದ್ದೇ ತಡ, ಅಜ್ಜಿ ಸೊಂಟದ ಮೇಲೆ ಕೈ ಇಟ್ಟಳು.

"ನಿಮ್ಮೂರ ಸಾವ್ಕಾರ್ರು ಒಬ್ರು ಬರ್ತಾರಪ್ಪ. ಅಲ್ಲಿ ಬಸ್ ಸ್ಟ್ಯಾಂಡಿನತ್ರ ಯಾರೋ ಎಣ್ಣೆಗಾಯಿ ಮಾಡ್ತಾಳಂತಲ್ಲ, ಹಂಗೆ ಮಾಡಕೆ ನಾನು ಇನ್ನೊಂದು ಸಲ ಹುಟ್ಟಿ ಬರಬೇಕಂತೆ. ಸೂಳೆಕೆರೆ ನೀರಿನ ಗುಣವಂತೆ!"

ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಮಾರನೆಯ ದಿನವೇ ಅಕ್ಕನಿಗೆ ವರದಿ ಒಪ್ಪಿಸಿದೆ. ಅಕ್ಕ ನಗಲಿಲ್ಲ. "ಸೂಳೆಕೆರೆ ನೀರೆಲ್ಲಿ ಬಂತಣ್ಣ, ನಮ್ದು ಬೋರ್‌ವೆಲ್ಲು" ಅಂದಳು ಅಷ್ಟೆ.

ಒಂದೂವರೆಗೆ ಸಾವ್ಕಾರ್ರು ಬಂದರು. ತೊಟ್ಟು, ಬೆಳಕು, ಕಣ್ಣು, ಹೊನ್ನಾಳಿ. ಪಲ್ಯ ಎರಡು ಸಲ. ಕೈ ತೊಳೆದು, ಸೋಂಪು ಬಾಯಿಗೆ ಹಾಕಿಕೊಂಡು, ಲೆಕ್ಕದ ಎಪ್ಪತ್ತು ರೂಪಾಯಿ ಟೇಬಲ್ಲಿನ ಮೇಲಿಟ್ಟರು.

"ಎಂಬತ್ತು" ಅಂದಳು ಅಕ್ಕ.

"ಯಾವಾಗಿಂದ?"

"ನೀವು ಜಗಳೂರಾಗೆ ನಮ್ಮ ಎಣ್ಣೆಗಾಯಿ ಹೊಗಳಿದ್ರಲ್ಲ, ಅವತ್ತಿಂದ."

ಸಾವ್ಕಾರ್ರು ನಿಧಾನಕ್ಕೆ ನನ್ನ ಕಡೆ ತಿರುಗಿದರು. ನಾನು ನನ್ನ ಬದನೆಕಾಯಿಯ ತೊಟ್ಟು ಹಿಡಿದೆತ್ತಿ, ಮಸಾಲೆ ಎಲ್ಲಿಯ ತನಕ ಇಳಿದಿದೆ ಅಂತ ಬೆಳಕಿಗೆ ಹಿಡಿದು ನೋಡುತ್ತಿದ್ದೆ.