‘ಏನ್ ಚಳಿ ರೀ!’ ಎಂಬ ಮಹಾವಾಕ್ಯ

ವೇದಾಂತಿಗಳ ಲೆಕ್ಕಕ್ಕೆ ಮಹಾವಾಕ್ಯಗಳು ನಾಲ್ಕೇ. ಬೆಂಗಳೂರಿನ ಬಡಾವಣೆಗಳಲ್ಲಿ ಮಾತ್ರ, ಕಾರ್ತಿಕ ಕಳೆದು ಬಸವನಗುಡಿ ಪರಿಷೆಯ ಕಡಲೆಕಾಯಿ ಸಿಪ್ಪೆ ಗುಡಿಸಿ ಮುಗಿಯುವ ಹೊತ್ತಿಗೆ ಐದನೆಯದೊಂದು ಸೇರಿಕೊಳ್ಳುತ್ತದೆ: ‘ಏನ್ ಚಳಿ ರೀ!’ ಮೊದಲ ನಾಲ್ಕು ತಲೆಗಿಳಿಯಬೇಕಾದರೆ ಗುರು ಬೇಕು, ಸಾಧನೆ ಬೇಕು, ಪೂರ್ವಜನ್ಮದ ಪುಣ್ಯವೂ ಬೇಕು. ಐದನೆಯದಕ್ಕೆ ಒಂದು ಗೇಟು ಸಾಕು. ಗೇಟಿನ ಒಳಗೊಬ್ಬರು, ಹೊರಗೊಬ್ಬರು, ಇಬ್ಬರ ಕೈಯಲ್ಲೂ ಹಾಲಿನ ಪ್ಯಾಕೆಟ್ಟು. ಹೇಳುವವರಿಗೂ ವಿಷಯ ಮೊದಲೇ ಗೊತ್ತು, ಕೇಳುವವರಿಗೂ ಗೊತ್ತು. ಗೊತ್ತಿಲ್ಲದವನು ಎಂಬೊಬ್ಬ ಮೂರನೆಯವನು ಇಲ್ಲಿ ಇಲ್ಲವೇ ಇಲ್ಲ. ಇಂಥ ಅದ್ವೈತ ಮಠಗಳಲ್ಲೂ ಸುಲಭಕ್ಕೆ ಸಿಗಲಾರದು.

ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ನ್ಯೂಗಿನಿಯ ಪಕ್ಕದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಗುಡಾರ ಹಾಕಿಕೊಂಡು ಕುಳಿತು, ಅಲ್ಲಿನ ಜನರ ಮಾತುಕತೆಯನ್ನೆಲ್ಲ ಕಿವಿಗೊಟ್ಟು ಕೇಳಿ, 1923ರಲ್ಲಿ ಒಂದು ಪ್ರಬಂಧ ಬರೆದ. ಮನುಷ್ಯರು ಆಡುವ ಎಷ್ಟೋ ಮಾತು ಸುದ್ದಿ ಮುಟ್ಟಿಸುವುದಕ್ಕಲ್ಲ, ಸುಮ್ಮನೆ ಒಬ್ಬರಿಗೊಬ್ಬರು ಇದ್ದೇವೆ ಅನ್ನಿಸಿಕೊಳ್ಳುವುದಕ್ಕೆ ಎಂಬುದು ಅವನು ಕಂಡುಕೊಂಡ ಸತ್ಯ. ಪಾಪ, ಅಷ್ಟು ದೂರ ಹಡಗಿನಲ್ಲಿ ಹೋಗಬೇಕಾಗಿರಲಿಲ್ಲ. ಡಿಸೆಂಬರ್ ತಿಂಗಳಲ್ಲಿ ಬೆಳಿಗ್ಗೆ ಆರು ಗಂಟೆಗೆ ನಮ್ಮ ಬೀದಿಯ ನಂದಿನಿ ಬೂತಿನ ಮುಂದೆ ಒಂದು ಗಳಿಗೆ ನಿಂತಿದ್ದರೆ ಅದೇ ಸಿದ್ಧಾಂತ ಸಿಗುತ್ತಿತ್ತು. ಜೊತೆಗೆ ಅರ್ಧ ಲೀಟರ್ ಹಾಲೂ ಸಿಗುತ್ತಿತ್ತು.

ಈ ಕಲೆಗೆ ಅದರದೇ ಶಾಸ್ತ್ರವಿದೆ. ಮೊದಲು ವೇಷ. ಮಂಕಿ ಟೋಪಿ ಹುಬ್ಬಿನವರೆಗೆ ಇಳಿದಿರಬೇಕು, ಬಾಯಿಯ ಜಾಗ ಮಾತ್ರ ತೆರೆದಿರಬೇಕು. ಏಕೆಂದರೆ ಚಳಿಗಾಲದಲ್ಲಿ ಕಿವಿಗಿಂತ ಬಾಯಿಗೇ ಕೆಲಸ ಹೆಚ್ಚು. ಕೆಳಗಡೆ ಚಡ್ಡಿಯಾದರೂ ನಡೆಯುತ್ತದೆ. ಬೆಂಗಳೂರಿನ ಚಳಿ ಸೊಂಟದ ಮೇಲೆ ಮಾತ್ರ ಬೀಳುತ್ತದೆ ಎಂಬುದು ನಮ್ಮ ಹಿರಿಯರ ಅನುಭವ. ಆಮೇಲೆ ಎರಡು ಅಂಗೈ ಉಜ್ಜಿಕೊಳ್ಳುವುದು, ‘ಸ್ಸ್‌ಸ್’ ಎಂದು ಉಸಿರೆಳೆಯುವುದು. ಅಲ್ಲಿಂದ ಮುಂದೆ ಪಠ್ಯ.

‘ಏನ್ ಚಳಿ ರೀ!’

‘ಅಯ್ಯೋ, ಕೇಳ್ಬೇಡಿ.’

‘ನಿನ್ನೆಗಿಂತ ಇವತ್ತು ಒಂದು ಕೈ ಜಾಸ್ತಿ.’

‘ನಿನ್ನೆ ಏನಿತ್ತು ಬಿಡಿ, ಏನೂ ಇರ್ಲಿಲ್ಲ.’

‘ಕಾಫಿ ಆಯ್ತಾ?’

‘ಆಯ್ತು. ನಿಮ್ದು?’

‘ಎರಡ್ನೇದೂ ಆಯ್ತು.’

ಈ ಸಂವಾದದ ಸೊಬಗನ್ನು ಗಮನಿಸಬೇಕು. ಕೇಳಬೇಡಿ ಎಂದವರು ತಾವೇ ಹೇಳುತ್ತಾರೆ. ಕೇಳಬಾರದು ಎಂದು ಹೇಳಿಸಿಕೊಂಡವರು ನಿಂತು ಕೇಳುತ್ತಾರೆ. ‘ನಿನ್ನೆ ಏನೂ ಇರಲಿಲ್ಲ’ ಎಂದ ಮೂಲೆಮನೆ ರಾಯರು ನಿನ್ನೆ ಇದೇ ಜಾಗದಲ್ಲಿ ನಿಂತು, ಇಂಥ ಚಳಿ ತಾವು ಹುಟ್ಟಿದಾಗಿನಿಂದ ಕಂಡಿಲ್ಲವೆಂದು ಹೇಳಿದ್ದರು. ಅದನ್ನು ಯಾರೂ ನೆನಪಿಸುವುದಿಲ್ಲ. ಪ್ರತಿ ಬೆಳಗಿನ ಚಳಿಯೂ ಇತಿಹಾಸದ ಮೊದಲ ಚಳಿ. ಇಷ್ಟೊಂದು ಕ್ಷಮಾಗುಣವಿರುವ ಮಾತುಕತೆ ನಮ್ಮ ವಿಧಾನಸೌಧದಲ್ಲಿ ಇದ್ದಿದ್ದರೆ ಕಲಾಪಗಳು ಎಷ್ಟು ಸುಗಮವಾಗಿ ನಡೆಯುತ್ತಿದ್ದವೋ!

ಈ ಕಲೆಗೆ ಇರುವ ಶತ್ರು ಒಂದೇ, ಅಂಕಿ ಅಂಶ. ಕಳೆದ ಮಾಗಿಯಲ್ಲಿ ಮೂರನೇ ಮಹಡಿಗೆ ಹೊಸದಾಗಿ ಬಂದ ಹುಡುಗನೊಬ್ಬ ಜೇಬಿನಿಂದ ಮೊಬೈಲ್ ತೆಗೆದು, ‘ಅಂಕಲ್, ಹದಿನಾರು ಡಿಗ್ರಿ ತೋರಿಸ್ತಿದೆ. ಜನವರಿಗೆ ನಾರ್ಮಲ್ಲೇ’ ಎಂದುಬಿಟ್ಟ. ಬೂತಿನ ಮುಂದೆ ಒಂದು ಕ್ಷಣ ನಿಜವಾದ ಚಳಿ ಆವರಿಸಿತು. ರಾಯರು ಅವನನ್ನು ಮೇಲಿಂದ ಕೆಳಗೆ ನೋಡಿ, ‘ಬಾಡಿಗೆಗಿದೀರಾ?’ ಎಂದು ಕೇಳಿದರು. ಮಾತು ಅಲ್ಲಿಗೇ ಮುಗಿಯಿತು. ಸ್ವಂತ ಮನೆಯಿಲ್ಲದವನಿಗೆ ಊರಿನ ಚಳಿಯ ಮೇಲೆ ಅಭಿಪ್ರಾಯ ಇರಲು ಹೇಗೆ ಸಾಧ್ಯ?

ಹವಾಮಾನ ಇಲಾಖೆಯದೂ ಇದೇ ಬಗೆಯ ಅರಸಿಕತನ. ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿಗೆ ಇಳಿಯಬೇಕಂತೆ, ಅದರ ಮೇಲೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕಂತೆ, ಆಮೇಲೆ ಅದನ್ನು ಶೀತಗಾಳಿ ಎಂದು ಒಪ್ಪಿಕೊಳ್ಳುತ್ತಾರಂತೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಇದ್ದು, ಜನವರಿಯ ಇರುಳಲ್ಲಿ ಹದಿನೈದು ಹದಿನಾರರ ಆಸುಪಾಸಿನಲ್ಲೇ ಉಳಿಯುವ ನಮ್ಮ ಊರಿಗೆ ಈ ನಿಯಮದಡಿ ಚಳಿಯ ಸರ್ಟಿಫಿಕೇಟು ಸಿಗುವುದು ಯಾವ ಕಾಲಕ್ಕೆ? ಇಲಾಖೆಯ ಕಡತದಲ್ಲಿ ಬೆಂಗಳೂರಿನ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, 1884ರ ಜನವರಿ 13ರಂದು ದಾಖಲಾದದ್ದು. ಆ ಚಳಿಯನ್ನು ಕಂಡವರು ಇಂದು ಒಬ್ಬರೂ ಇಲ್ಲ. ಹೀಗಾಗಿ ಅದು ಚರ್ಚೆಗೆ ಅನರ್ಹ. ನಮ್ಮದು ಪ್ರತ್ಯಕ್ಷ ಪ್ರಮಾಣದ ಸಂಪ್ರದಾಯ. ರಾಯರ ಮೂಗು ಸೋರುತ್ತಿದೆ, ಅಷ್ಟೇ ಸಾಕ್ಷಿ.

ಹಾಗೆಂದು ವಿಜ್ಞಾನವನ್ನು ನಮ್ಮವರು ಕಡೆಗಣಿಸಿದ್ದಾರೆ ಎಂದುಕೊಳ್ಳಬಾರದು. ಬೂತಿನ ಮುಂದೆ ಖಗೋಳಶಾಸ್ತ್ರಕ್ಕೂ ಪಾಲಿದೆ. ‘ಸೂರ್ಯ ದೂರ ಹೋಗ್ಬಿಟ್ಟಿದಾನೆ ನೋಡಿ, ಅದಕ್ಕೇ’ ಎಂದು ನಿವೃತ್ತ ಮೇಷ್ಟ್ರು ವಿವರಿಸುತ್ತಾರೆ. ವಾಸ್ತವವಾಗಿ ಜನವರಿಯ ಮೊದಲ ವಾರದಲ್ಲೇ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈಗೆ ಹೋಲಿಸಿದರೆ ಐವತ್ತು ಲಕ್ಷ ಕಿಲೋಮೀಟರ್ ಹತ್ತಿರ. ಅಷ್ಟು ದೂರ ಸರಿದು ಬಂದವನಿಗೆ ದೂರ ಹೋದನೆಂಬ ಅಪವಾದ! ಕಿರಣಗಳು ಓರೆಯಾಗಿ ಬೀಳುತ್ತವೆ, ಮೋಡವಿಲ್ಲದ ಒಣ ಆಕಾಶಕ್ಕೆ ನೆಲ ರಾತ್ರಿಯಿಡೀ ತನ್ನ ಕಾವನ್ನು ಬಿಟ್ಟುಕೊಡುತ್ತದೆ, ಆದ್ದರಿಂದ ಸೂರ್ಯ ಮೂಡುವ ಹೊತ್ತಿಗೇ ಚಳಿ ಹೆಚ್ಚು ಎಂದೆಲ್ಲ ಹೇಳಹೊರಟರೆ ಹಾಲು ಒಡೆದುಹೋದೀತು. ಮೇಷ್ಟ್ರ ವಿವರಣೆ ಚಿಕ್ಕದು, ಕೈಯಲ್ಲಿ ಹಿಡಿದ ಕಾಫಿ ಲೋಟ ಆರುವ ಮೊದಲೇ ಮುಗಿಯುತ್ತದೆ. ಪ್ರಕೃತಿ ಸ್ವಲ್ಪ ಅನುಸರಿಸಿಕೊಂಡು ಹೋಗಬೇಕು.

ಒಮ್ಮೊಮ್ಮೆ ಅದು ಅನುಸರಿಸಿಕೊಂಡು ಹೋಗಿದ್ದೂ ಇದೆ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತ ಮಾಮಲ್ಲಪುರದ ಬಳಿ ದಡ ಮುಟ್ಟಿದಾಗ ಬೆಂಗಳೂರಿಗೆ ಹಗಲಲ್ಲೂ ಮೋಡ, ಜಿಟಿಜಿಟಿ ಹನಿ, ಮಧ್ಯಾಹ್ನವೂ ಕಂಬಳಿ. ಆ ದಿನಗಳನ್ನು ನಮ್ಮ ಬೀದಿ ಇಂದಿಗೂ ಸ್ವರ್ಣಯುಗವೆಂದು ನೆನೆಯುತ್ತದೆ. ದಿನಕ್ಕೊಂದೇ ಬಾರಿ ಆಡುವ ಮಾತನ್ನು ಮೂರು ಹೊತ್ತೂ ಆಡಬಹುದಾಗಿತ್ತು.

ಇನ್ನು ಚಳಿಯ ಹರಾಜು. ಇದು ಭಾನುವಾರದ ವಿಶೇಷ. ರಾಯರು ಹದಿನಾಲ್ಕು ಡಿಗ್ರಿಯಿಂದ ಕೂಗು ಶುರು ಮಾಡುತ್ತಾರೆ. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾಗಿ ಇಲ್ಲಿ ಮನೆ ಕಟ್ಟಿಸಿರುವ ವಿಜಯಪುರದ ಎಂಜಿನಿಯರು ಸುಮ್ಮನಿರುವುದಿಲ್ಲ: ‘ಇದೇನ್ ಥಂಡಿ ಬಿಡ್ರೀ. ಒಮ್ಮೆ ನಮ್ಮ ಕಡೆ ಬರ್ರಿ, ಹಲ್ಲು ಕಟಕಟ ಅಂತಾವ.’ ಸುಳ್ಳಲ್ಲ, ಬೀದರ್, ವಿಜಯಪುರಗಳಲ್ಲಿ ಕೆಲವು ವರ್ಷ ಪಾದರಸ ಒಂದಂಕಿಗೆ ಇಳಿಯುವುದುಂಟು. ಹರಾಜು ಅಲ್ಲಿಗೆ ನಿಲ್ಲಬೇಕು. ಆದರೆ ಎದುರುಮನೆ ಆಂಟಿಯ ಮಗ ಮಿನೆಸೋಟದಲ್ಲಿದ್ದಾನೆ. ‘ನಮ್ಮ ಹುಡುಗ ನಿನ್ನೆ ಫೋನ್ ಮಾಡಿದ್ದ, ಮೈನಸ್ ಇಪ್ಪತ್ತಂತೆ’ ಎಂದು ಅವರು ಶಾಲು ಹೊದ್ದುಕೊಳ್ಳುತ್ತಾರೆ, ಆ ಮೈನಸ್ಸಿನ ಒಂದಂಶ ಫೋನಿನಲ್ಲೇ ಬಂದು ತಟ್ಟಿದಂತೆ. ಮಗ ಅನುಭವಿಸಿದ ಚಳಿಗೆ ತಾಯಿ ವಾರಸುದಾರಳು. ಹರಾಜು ಅವರ ಹೆಸರಿಗೇ ಕೂಗಿ ಮುಗಿಯುತ್ತದೆ. ಕೊನೆಯ ಮನೆಯ ನಿವೃತ್ತ ಸುಬೇದಾರರು ಸಿಯಾಚಿನ್‌ನಲ್ಲಿ ಇದ್ದು ಬಂದವರು. ಅರ್ಧ ತೋಳಿನ ಅಂಗಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡು ‘ಹೂಂ ಸಾರ್, ಚಳಿ’ ಎಂದಷ್ಟೇ ಹೇಳಿ ಹಾಲು ತೆಗೆದುಕೊಂಡು ಹೋಗುತ್ತಾರೆ. ಅವರಿಗೆ ಮಾತಿನ ಕಲೆ ಒಲಿದಿಲ್ಲ ಎಂಬ ಮರುಕ ಬೀದಿಯಲ್ಲಿದೆ.

ಹೆಂಗಸರ ಶಾಖೆಯ ಶಾಸ್ತ್ರ ಇನ್ನೂ ಸೂಕ್ಷ್ಮ. ಅಲ್ಲಿ ಚಳಿ ಬರೀ ಚಳಿಯಲ್ಲ, ಅವರೆಕಾಯಿಯ ಸೊಗಡಿಗೆ ಕಾರಣ. ‘ಇಬ್ಬನಿ ಚೆನ್ನಾಗಿ ಬಿದ್ದಿದೆ, ಈ ಸಲ ಕಾಯಿ ಪರವಾಗಿಲ್ಲ’ ಎಂದು ಒಬ್ಬರು ಮೊರ ಮುಂದಿಟ್ಟುಕೊಂಡರೆ, ಬೇಳೆ ಹಿದುಕುವುದು ಮುಗಿಯುವ ಹೊತ್ತಿಗೆ ನಾಲ್ಕು ಬೀದಿಯ ವರ್ತಮಾನ ಹಿದುಕಿ ಆಗಿರುತ್ತದೆ. ಸಿಪ್ಪೆಯನ್ನು ಬೀದಿಗೆ ಹಾಕಿದರೆ, ಅದನ್ನು ಹತ್ತು ಜನ ತುಳಿದಷ್ಟೂ ಸಾರಿಗೆ ರುಚಿ ಎಂಬ ಹಳೆಯ ನಂಬಿಕೆಯೊಂದು ನಮ್ಮ ಕಡೆ ಇದೆ. ತುಳಿದು ಜಾರಿದವರಿಗೆ ಏನು ಸಿಗುತ್ತದೆ ಎಂದು ನಂಬಿಕೆ ಹೇಳುವುದಿಲ್ಲ. ಧನುರ್ಮಾಸವಂತೂ ಈ ಮಾತಿಗೆ ಪುಣ್ಯವನ್ನೂ ಜೋಡಿಸುತ್ತದೆ. ಬೆಳಗಿನ ಜಾವ ದೇವಸ್ಥಾನದ ಹುಗ್ಗಿಯ ಸಾಲಿನಲ್ಲಿ ‘ಏನ್ ಚಳಿಯಮ್ಮಾ’ ಎಂದರೆ ಅದರರ್ಥ ‘ಇಷ್ಟು ಚಳಿಯಲ್ಲೂ ತಣ್ಣೀರು ಸ್ನಾನ ಮಾಡಿ ಬಂದಿದ್ದೇನೆ, ದಾಖಲಿಸಿಕೊಳ್ಳಿ’ ಎಂದು. ಯಾರ ಮನೆಯ ಮೇಲೆ ಎಷ್ಟು ಲೀಟರಿನ ಸೋಲಾರ್ ವಾಟರ್ ಹೀಟರ್ ಇದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ದೇವರ ಸನ್ನಿಧಿಯಲ್ಲಿ ಅಂಥ ಮಾತೇಕೆ?

ಈ ಮಹಾವಾಕ್ಯದ ನಿಜವಾದ ಘನತೆ ಗೊತ್ತಾಗುವುದು ಶಾಂತಿಪಾಲನೆಯಲ್ಲಿ. ನಮ್ಮ ಬೀದಿಯಲ್ಲಿ ಕಾಂಪೌಂಡ್ ಗೋಡೆಯ ಒಂದಡಿಗಾಗಿ ವರ್ಷಗಟ್ಟಲೆ ಸಿವಿಲ್ ದಾವೆ ನಡೆಸುತ್ತಿರುವ ಎರಡು ಮನೆಗಳಿವೆ. ಮಕ್ಕಳ ಮದುವೆಗೆ ಪರಸ್ಪರ ಕರೆಯಲಿಲ್ಲ, ಸಾವಿಗೆ ಹೋಗಲಿಲ್ಲ. ಆದರೆ ಡಿಸೆಂಬರ್‌ನಲ್ಲಿ ಗೇಟಿನ ಬಳಿ ಎದುರಾದಾಗ ಒಬ್ಬರು ‘ಚಳಿ’ ಎನ್ನುತ್ತಾರೆ, ಇನ್ನೊಬ್ಬರು ‘ಹೌದು, ಕೋರ್ಟ್ ಹಾಲಿನೊಳಗೆ ಇನ್ನೂ ಜಾಸ್ತಿ’ ಎನ್ನುತ್ತಾರೆ. ಎರಡೂ ಕಡೆಯ ವಕೀಲರು ಸಾಧಿಸಲಾಗದ ಒಮ್ಮತ ಅದು. ರಸ್ತೆಯ ಮೇಲೆ ಕಾರು ನಿಲ್ಲಿಸುವ ತಂಟೆ, ಸಂಪಿನ ನೀರು ತುಂಬಿ ಪಕ್ಕದವರ ಅಂಗಳಕ್ಕೆ ಹರಿಯುವುದು, ಖಾಲಿ ಸೈಟಿಗೆ ರಾತ್ರಿ ಹೊತ್ತು ಹಾರುವ ಕಸದ ಚೀಲ, ಎಲ್ಲದರ ಮೇಲೂ ಚಳಿ ಒಂದು ತೆಳು ಹೊದಿಕೆ ಎಳೆಯುತ್ತದೆ.

ಅಷ್ಟೇ ಅಲ್ಲ, ಈ ಮಾತಿಗಿರುವ ಸಂಕೋಚ ಬೇರೆ ಯಾವ ಮಾತಿಗೂ ಇಲ್ಲ. ಹತ್ತನೇ ಕ್ರಾಸಿನ ಒಬ್ಬರ ಕೆಲಸ ದೀಪಾವಳಿಯ ಹೊತ್ತಿಗೆ ಹೋಯಿತು. ಎಲ್ಲರಿಗೂ ಗೊತ್ತು. ಅವರು ದಿನಾ ಒಂಬತ್ತಕ್ಕೆ ಬ್ಯಾಗು ಹಿಡಿದು ಮನೆಯಿಂದ ಹೊರಟು ಪಾರ್ಕಿನ ಹಿಂದಿನ ಬೆಂಚಿನಲ್ಲಿ ಕೂರುವುದೂ ಎಲ್ಲರಿಗೂ ಗೊತ್ತು. ವಾಕಿಂಗ್ ಮಾಡುತ್ತ ಆ ಬೆಂಚನ್ನು ದಾಟುವಾಗ ನಮ್ಮವರು ನಿಂತು, ಎಷ್ಟು ಹದವರಿತು, ‘ಬಿಸಿಲು ಇಲ್ಲೇ ಚೆನ್ನಾಗಿ ಬೀಳತ್ತೆ ಅಲ್ವಾ? ಮಫ್ಲರ್ ಎಲ್ಲಿ ತಗೊಂಡ್ರಿ?’ ಎಂದು ಕೇಳಿ ಮುಂದೆ ಹೋಗುತ್ತಾರೆ! ನಾಲ್ಕು ತಿಂಗಳಲ್ಲಿ ಒಬ್ಬರ ಬಾಯಿಂದಲೂ ಬೇರೆ ಮಾತು ಜಾರಿಲ್ಲ. ಚಳಿ ಇಲ್ಲದೆ ಹೋಗಿದ್ದರೆ ಯಾರಾದರೊಬ್ಬರು ‘ಹೇಗಿದೀರಿ’ ಎಂದು ನಿಜವಾಗಿಯೇ ಕೇಳಿಬಿಡುವ ಅಪಾಯವಿತ್ತು.

ಇಂಥ ಮಾತನ್ನು ಯಾರು ಯಾರೊಂದಿಗೆ ಆಡಬಹುದು ಎಂಬುದಕ್ಕೂ ಕಟ್ಟುಪಾಡಿದೆ. ಎರಡೂ ಕಡೆ ಉಣ್ಣೆ ಇರಬೇಕು. ಬೆಳಿಗ್ಗೆ ಆರೂವರೆಗೆ ಪೊರಕೆ ಹಿಡಿದು ಬರುವ ಪೌರಕಾರ್ಮಿಕ ಹೆಂಗಸಿಗೆ, ಸೈಕಲ್ಲಿನಿಂದ ಪೇಪರ್ ಎಸೆಯುವ ಹುಡುಗನಿಗೆ, ಒದ್ದೆ ಗೋಣಿಚೀಲದಿಂದ ಸೇವಂತಿಗೆ ತೆಗೆದು ಮೊಳ ಹಾಕುವಾಕೆಗೆ ನಮ್ಮವರು ‘ಏನ್ ಚಳಿ’ ಎಂದು ಹೇಳಿ ತೊಂದರೆ ಕೊಡುವುದಿಲ್ಲ. ಅವರಿಗೆ ಅಭ್ಯಾಸವಾಗಿರುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಫ್ರಿಜ್ಜಿನ ರಟ್ಟಿನ ಡಬ್ಬ ಬಿಚ್ಚಿ ಹಾಸಿಕೊಂಡು ಮಲಗುವ ವಾಚ್‌ಮನ್ ರಾಯಚೂರು ಕಡೆಯವನು. ‘ಭಾಳ ಥಂಡಿ ಐತ್ರೀ ಸಾಹೇಬ್ರ’ ಎಂದು ಅವನು ಒಂದು ಬೆಳಿಗ್ಗೆ ಗೇಟು ತೆಗೆಯುತ್ತ ಅಂದ. ಎಂಜಿನಿಯರ ಬಾಯಲ್ಲಿ ಇದೇ ಥಂಡಿ ಬಂದಾಗ ಅದು ಹರಟೆ. ವಾಚ್‌ಮನ್ ಬಾಯಲ್ಲಿ ಬಂದ ಕೂಡಲೇ ಅರ್ಜಿ. ಅರ್ಜಿಗಳನ್ನು ಗೇಟಿನಲ್ಲಿ ನಿಂತು ವಿಚಾರಿಸುವ ಪದ್ಧತಿಯಿಲ್ಲ. ವಿಷಯವನ್ನು ನಿವಾಸಿಗಳ ಸಂಘದ ಕಾರ್ಯಸೂಚಿಗೆ ಸೇರಿಸಲಾಯಿತು.

ಸಭೆ ಸಂಕ್ರಾಂತಿಯ ಹಿಂದಿನ ಭಾನುವಾರ ಸೇರಿತು. ಹತ್ತಕ್ಕೆ ಕರೆದಿದ್ದರು, ಚಳಿಯ ಕಾರಣ ಹನ್ನೊಂದಕ್ಕೆ ಆರಂಭವಾಯಿತು. ಚಳಿಯ ಕಾರಣ ಸಭೆ ತಡವಾದ ಬಗ್ಗೆ ಅಧ್ಯಕ್ಷರು ವಿಷಾದ ಸೂಚಿಸಿದರು, ಸದಸ್ಯರೆಲ್ಲ ಚಳಿ ಇರುವುದನ್ನು ಅನುಮೋದಿಸಿದರು. ಎಳ್ಳು ಬೀರುವ ಕಾರ್ಯಕ್ರಮ, ಬೀದಿನಾಯಿ ಮುಗಿದು ಮೂರನೆಯ ವಿಷಯ ಬಂತು: ವಾಚ್‌ಮನ್‌ಗೆ ಒಂದು ಕಂಬಳಿ, ಒಂದು ಸ್ವೆಟರ್. ಉಣ್ಣೆಯದೋ ಸಿಂಥೆಟಿಕ್ಕೋ ಎಂಬುದರ ಮೇಲೆ ಗಂಭೀರ ಚರ್ಚೆಯಾಯಿತು. ಆಂಟಿ ಮಿನೆಸೋಟದ ಕೋಟುಗಳ ಬಗ್ಗೆ ಉಪಯುಕ್ತ ಮಾಹಿತಿ ಕೊಟ್ಟರು. ಮೇಷ್ಟ್ರು ಎದ್ದು, ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆಂದು ಹಿರಿಯರು ಹೇಳಿದ್ದಾರೆ, ಶಿವರಾತ್ರಿ ಇನ್ನೇನು ಬಂದೇ ಬಿಡುತ್ತದೆ, ಈಗ ಕಂಬಳಿ ಕೊಂಡರೆ ಸಂಘದ ದುಡ್ಡು ದಂಡ ಎಂದು ಸಲಹೆ ಮಾಡಿದರು. ರಾಯರು ಅನುಮೋದಿಸಿದರು. ಅದರ ಬದಲು ಬೇಸಿಗೆಗೆ ಅವನಿಗೊಂದು ಟೇಬಲ್ ಫ್ಯಾನ್ ಕೊಡಿಸುವ ವಿಚಾರವನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸುವುದೆಂದು ಒಮ್ಮತದಿಂದ ನಿರ್ಣಯಿಸಲಾಯಿತು. ಕಾರ್ಯದರ್ಶಿಗಳು ವಂದಿಸಿದರು. ಬಿಸಿ ಬಾದಾಮಿ ಹಾಲನ್ನು ವಾಚ್‌ಮನ್ ಹಂಚಿದ. ಮುಂದಿನ ಸಭೆ ಜುಲೈನಲ್ಲಿ.